ರ‍್ಯಾಪ್ ಗಾಯಕ ಮಾರ್ಕಿ ಮಾರ್ಕ್ ಹೆಸರಿನ ಸೆಗಾ ಸಿಡಿ ಗೇಮ್ ಅಷ್ಟೊಂದು ಕಳಪೆ ಯಾಕೆ?

ಸೆಗಾ ಸಿಡಿ ಅಂದರೆ ಸೆಗಾ ಗೇಮ್ ಕನ್ಸೋಲಿಗೆ ಜೋಡಿಸುವ ಸಿಡಿ ಡ್ರೈವ್. ಅದಕ್ಕೆ ಬಂದ 1992ರ 'ಮೇಕ್ ಮೈ ವಿಡಿಯೊ' ಸರಣಿಯ ಈ ಡಿಸ್ಕ್‌ನಲ್ಲಿ ಆಟ ಅನ್ನುವಂಥದ್ದೇ ಕಡಿಮೆ. ಇರುವುದು ಮೂರೇ ಹಾಡು. ಹಾಡು ಓಡುತ್ತಿರುವಾಗ ಎ, ಬಿ, ಸಿ ಬಟನ್ ಒತ್ತಿ ಮೂರು ವಿಡಿಯೊಗಳ ನಡುವೆ ದೃಶ್ಯ ಬದಲಿಸಬೇಕು, ಬೇಕೆನಿಸಿದರೆ ಎಫೆಕ್ಟ್ ಸೇರಿಸಬೇಕು. ಕೆಲಸ ಅಷ್ಟೇ.

ಅದನ್ನಾದರೂ ಕಣ್ತುಂಬ ನೋಡೋಣವೆಂದರೆ ಚಿತ್ರವೇ ಸರಿಯಿಲ್ಲ. ಸಿಂಗಲ್ ಸ್ಪೀಡ್ ಡ್ರೈವ್ ಸೆಕೆಂಡಿಗೆ ಓದುವುದು ಸುಮಾರು 150 ಕಿಲೋಬೈಟ್. ಆಡಿಯೊ, ವಿಡಿಯೊ ಎಲ್ಲವೂ ಅದರಲ್ಲೇ ಹಿಡಿಸಬೇಕು. ಜೊತೆಗೆ ಕನ್ಸೋಲಿನ 512 ಬಣ್ಣಗಳಲ್ಲಿ ಪರದೆಗೆ ಒಮ್ಮೆಗೆ ಸಾಮಾನ್ಯವಾಗಿ ಬರುವುದು 64 ಮಾತ್ರ. ಹಾಗಾಗಿ ಪರದೆಯಲ್ಲಿ ಪುಟ್ಟ ಕಿಟಕಿಯಷ್ಟೇ ಚಿತ್ರ, ಮುಖದ ತುಂಬ ಚುಕ್ಕೆ. ಹಾಡಷ್ಟೇ ಬೇಕಿದ್ದರೆ ಆಡಿಯೊ ಸಿಡಿಯೇ ಮೇಲು. ಸಂಗ್ರಹಕ್ಕೆ ಕೊಳ್ಳುವವರು ರೀಜನ್ (ಯಾವ ಪ್ರದೇಶದ ಡಿಸ್ಕ್ ಎಂದು) ನೋಡಿಕೊಳ್ಳಿ: ಅಮೆರಿಕದ ಡಿಸ್ಕ್ ಜಪಾನ್, ಯುರೋಪಿನ ಮೆಗಾ-ಸಿಡಿಯಲ್ಲಿ (ಸೆಗಾ ಸಿಡಿಗೆ ಅಲ್ಲಿನ ಹೆಸರು) ನೇರವಾಗಿ ಓಡುವುದಿಲ್ಲ.