ಹತ್ತು ಇನ್ನಿಂಗ್ಸ್, ಒಂದೂ ರನ್ ಇಲ್ಲ

ಪ್ರಶ್ನೆ: ಮಗ ಮಿನ್ನಿಯಾಪೊಲಿಸ್‌ನಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿದರೆ ಸಾಕು, ಬೇಸ್‌ಬಾಲ್ ಸುದ್ದಿ ಶುರು. ‘ಜ್ಯಾಕ್ ಮೋರಿಸ್ ಮಾಡಿದ ಶಟೌಟ್ ಮುಂದೆ ಬೇರೆ ಯಾವುದೂ ಇಲ್ಲ’ ಅಂತಾನೆ. ಶಟೌಟ್ ಅಂದರೆ ಎದುರಾಳಿಗೆ ಬಾಲ್ ಮುಟ್ಟೋಕೇ ಬಿಡದೆ ಎಸೆಯೋದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಲ್ಲ. ಬಾಲ್ ಮುಟ್ಟಬಹುದು, ಜೋರಾಗಿ ಬಾರಿಸಬಹುದು, ಮೂರನೇ ಬೇಸ್‌ವರೆಗೆ ಓಡಿ ನಿಂತುಕೊಳ್ಳಲೂಬಹುದು. ಮೂರೂ ಬೇಸ್ ಮುಟ್ಟಿ, ಹೊರಟ ಜಾಗಕ್ಕೆ (ಹೋಮ್ ಪ್ಲೇಟ್) ವಾಪಸ್ ಬಂದರೆ ರನ್, ಅದು ಮಾತ್ರ ಬರಬಾರದು, ಅಷ್ಟೇ. ಒಂದೂ ಹಿಟ್ (ಬ್ಯಾಟರ್ ಬಾಲ್ ಬಾರಿಸಿ ಬೇಸ್ ತಲುಪುವುದು) ಕೊಡದಿದ್ದರೆ ಅದು ನೋ-ಹಿಟರ್, ಬೇರೆ ಲೆಕ್ಕ. ಇನ್ನೊಂದು ವಿಷಯ, ಪಂದ್ಯ ಪೂರ್ತಿ ಒಬ್ಬನೇ ಪಿಚರ್ (ಬಾಲ್ ಎಸೆಯುವವನು) ಎಸೆದರೆ ಮಾತ್ರ ಶಟೌಟ್ ಅವನ ಹೆಸರಿಗೆ ಬರುತ್ತದೆ. ನಡುವೆ ಬೇರೆಯವನು ಬಂದರೆ ಅದು ತಂಡದ ಖಾತೆಗೆ.

ನಿಮ್ಮ ಮಗ ಹೇಳುತ್ತಿರುವುದು 1991ರ ಅಕ್ಟೋಬರ್ 27ರ ಪಂದ್ಯ. ಅಮೆರಿಕದ ಬೇಸ್‌ಬಾಲ್ ಫೈನಲ್ ಆದ ವರ್ಲ್ಡ್ ಸೀರೀಸ್‌ನ ಏಳನೇ, ಕಡೆಯ ಪಂದ್ಯ, ಮಿನ್ನೆಸೋಟ ಟ್ವಿನ್ಸ್ ಮತ್ತು ಅಟ್ಲಾಂಟ ಬ್ರೇವ್ಸ್ ತಲಾ ಮೂರು ಗೆದ್ದಿದ್ದವು. ಹಿಂದಿನ ವರ್ಷ ಎರಡೂ ತಂಡ ತಮ್ಮ ತಮ್ಮ ಗುಂಪಿನಲ್ಲಿ ಕಟ್ಟಕಡೆಗೆ ಬಿದ್ದಿದ್ದವು! ಟ್ವಿನ್ಸ್‌ನ ಪಿಚರ್ ಮೋರಿಸ್‌ಗೆ ಆಗ 36 ವರ್ಷ, ಪಕ್ಕದ ಸೇಂಟ್ ಪಾಲ್‌ನಲ್ಲೇ ಹುಟ್ಟಿದವನು. ಎದುರಿಗೆ ಎಸೆಯುತ್ತಿದ್ದ ಬ್ರೇವ್ಸ್‌ನ ಜಾನ್ ಸ್ಮೋಲ್ಟ್ಜ್ ಚಿಕ್ಕಂದಿನಲ್ಲಿ ಈ ಮೋರಿಸ್‌ನ ಅಭಿಮಾನಿಯಾಗಿದ್ದವನೇ.

ಎಂಟನೇ ಇನ್ನಿಂಗ್ಸ್ ನೋಡಬೇಕು. ಸ್ಕೋರ್ 0-0. ಮೊದಲ ಬೇಸ್‌ನಲ್ಲಿ ಬ್ರೇವ್ಸ್‌ನ ಲಾನಿ ಸ್ಮಿತ್. ಟೆರ್ರಿ ಪೆಂಡಲ್ಟನ್ ಬಾರಿಸಿದ ಬಾಲ್ ಹಿಂದಿನ ಗೋಡೆವರೆಗೆ ಹೋಯಿತು. ಸ್ಮಿತ್ ತಲೆ ಎತ್ತದೆ ಓಡಿದ್ದರೆ ಒಂದು ರನ್ ಗ್ಯಾರಂಟಿ, ಆದರೆ ಅಷ್ಟರಲ್ಲಿ ಟ್ವಿನ್ಸ್‌ನ ಚಕ್ ನಾಬ್ಲಾಕ್ ಇಲ್ಲದ ಬಾಲನ್ನು ನೆಲದಿಂದ ಎತ್ತಿ ಎಸೆದ ಹಾಗೆ ನಾಟಕ ಆಡಿಬಿಟ್ಟ. ಸ್ಮಿತ್ ಎರಡನೇ ಬೇಸ್ ಹತ್ತಿರ ತಡವರಿಸಿ ನಿಂತ. ನಾಟಕ ನಂಬಿದನೋ, ಬಾಲ್ ಎಲ್ಲಿದೆ ಅಂತ ಕಾಣಲೇ ಇಲ್ಲವೋ, ಆ ವಾದ ಇನ್ನೂ ಮುಗಿದಿಲ್ಲ. ಅಂತೂ ಮೂರನೇ ಬೇಸ್‌ನಲ್ಲೇ ಉಳಿದ.

ಆದರೂ ಎರಡು, ಮೂರನೇ ಬೇಸ್‌ಗಳಲ್ಲಿ ಓಟಗಾರರು, ಒಬ್ಬನೂ ಔಟಾಗಿಲ್ಲ. ಇಂಥ ಕಡೆ ರನ್ ಬಾರದೇ ಇರುವುದು ಕಮ್ಮಿ. ರಾನ್ ಗ್ಯಾಂಟ್ ಮೆತ್ತಗೆ ಹೊಡೆದು ಔಟಾದ. ಒಂದೇ ಏಟಿಗೆ ಇಬ್ಬರನ್ನು ಔಟ್ ಮಾಡಲು ಸುಲಭವಾಗಲಿ ಅಂತ ಡೇವಿಡ್ ಜಸ್ಟಿಸ್‌ನನ್ನು ಬೇಕೆಂದೇ ಮೊದಲ ಬೇಸ್‌ಗೆ ಕಳಿಸಿದರು. ಸಿಡ್ ಬ್ರೀಮ್ ಹೊಡೆದದ್ದು ನೆಲದ ಮೇಲೇ ಹೋಗಿ ಸೀದಾ ಮೊದಲ ಬೇಸ್ ಕಾಯುತ್ತಿದ್ದ ಟ್ವಿನ್ಸ್‌ನ ಕೆಂಟ್ ಹರ್ಬೆಕ್ ಕೈಗೆ, ಅವನು ಹೋಮ್ ಪ್ಲೇಟ್‌ಗೆ ಎಸೆದ, ಅಲ್ಲಿಂದ ವಾಪಸ್ ಅವನ ಕೈಗೇ ಬಂತು. ಒಂದೇ ಏಟಿಗೆ ಇಬ್ಬರು ಔಟ್. ಲೆಕ್ಕಪಟ್ಟಿಯಲ್ಲಿ ಶಟೌಟ್ ಮೋರಿಸ್ ಹೆಸರಲ್ಲಿದೆ ನಿಜ, ಆದರೆ ಅರ್ಧ ಪಾಲು ನಾಬ್ಲಾಕ್‌ಗೆ, ಹರ್ಬೆಕ್‌ಗೆ ಕೊಡಬೇಕು ಅಂತ ನಾನಂತೂ ಹೇಳುತ್ತೇನೆ.

ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಸಮ ಆದರೆ ಆಟ ಮುಂದುವರಿಯುತ್ತದೆ. ಒಂಬತ್ತಾದ ಮೇಲೆ ಟ್ವಿನ್ಸ್ ಮ್ಯಾನೇಜರ್ ಟಾಮ್ ಕೆಲ್ಲಿ ಮೋರಿಸ್‌ಗೆ ಸಾಕು ಅಂದ. ಮೋರಿಸ್ ಕೇಳಬೇಕಲ್ಲ! ಹತ್ತನೆಯದನ್ನೂ ತಾನೇ ಎಸೆದ. ಒಟ್ಟು 126 ಎಸೆತ, ಏಳು ಹಿಟ್, ರನ್ ಸೊನ್ನೆ. ಆಮೇಲೆ ಟ್ವಿನ್ಸ್‌ನ ಜೀನ್ ಲಾರ್ಕಿನ್ ಫೀಲ್ಡರ್‌ಗಳ ತಲೆ ಮೇಲೆ ಹೊಡೆದು 1-0 ಮಾಡಿ ಗೆಲ್ಲಿಸಿದ.

ಪ್ರಶ್ನೆ: ಈಗ ಇಂಥದ್ದು ಯಾಕೆ ಕಮ್ಮಿ? ಈಗಿನವರಿಗೆ ದಮ್ ಇಲ್ವಾ?
– ಓದುಗರು, ದಾವಣಗೆರೆ

ಉತ್ತರ: ದಮ್ ಇದೆ, ಬಿಡುವವರಿಲ್ಲ. ವಾಲ್ಟರ್ ಜಾನ್ಸನ್ ತನ್ನ ಕಾಲದಲ್ಲಿ 110 ಶಟೌಟ್ ಮಾಡಿದ್ದ. 1968ರಲ್ಲಿ ಬಾಬ್ ಗಿಬ್ಸನ್ ಒಂದೇ ವರ್ಷ 13 ಮಾಡಿದ. ಆ ವರ್ಷ ಪಿಚರ್‌ಗಳ ಕೈ ಎಷ್ಟು ಮೇಲಾಗಿತ್ತು ಅಂದರೆ, ಮರುವರ್ಷ ಅವರು ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10ಕ್ಕೆ ಇಳಿಸಿದರು. ಈಗ ನೂರು ಎಸೆತ ಆಗುತ್ತಿದ್ದಂತೆ ಮೊಣಕೈ ಚಿಂತೆ ಶುರು. ಒಬ್ಬನನ್ನೇ ಮೂರನೇ ಸಲ ಎದುರಿಸುವ ಬ್ಯಾಟರ್ ಚೆನ್ನಾಗಿ ಹೊಡೆಯುತ್ತಾನೆ ಅಂತ ಅಂಕಿಅಂಶವೂ ಹೇಳುತ್ತದೆ. ಹಾಗಾಗಿ ಆರೇಳು ಇನ್ನಿಂಗ್ಸ್ ಆದರೆ ಹೊಸಬ ಬರುತ್ತಾನೆ, ಸ್ಕೋರ್ ಸೊನ್ನೆಯೇ ಇದ್ದರೂ.