ಬಡ್ಡಿ ಲೆಕ್ಕದಲ್ಲಿ √5 ಬಂದರೆ ಉತ್ತರ ತಪ್ಪಾ?

ನಿಮ್ಮ ಪ್ರಶ್ನೆ ಇಷ್ಟು: ಈ ವರ್ಷದ ಮೊದಲ ದಿನ 10,000 ರೂಪಾಯಿ, ಮುಂದಿನ ವರ್ಷದ ಮೊದಲ ದಿನ ಮತ್ತೆ 10,000 ಠೇವಣಿ ಇಟ್ಟರೆ, ಎರಡನೇ ವರ್ಷದ ಕೊನೆಗೆ 22,000 ಸಿಗುತ್ತದೆ. ಚಕ್ರಬಡ್ಡಿ ದರ ಎಷ್ಟು? ನಿಮಗೆ ಶೇ. 4 ಬಂತು, ಕುಮಟಾದ ನಿಮ್ಮ ಗೆಳತಿಗೆ ಶೇ. 6.8 ಬಂತು. ಮಧ್ಯೆ √5 ಬಂದಿದ್ದಕ್ಕೆ ಲೆಕ್ಕವೇ ತಪ್ಪಿರಬೇಕು ಅಂತ ನಿಮಗೆ ಅನುಮಾನ.

ಇಬ್ಬರ ದಾರಿಯೂ ಸರಿ ಇದೆ, ಇಬ್ಬರ ಉತ್ತರವೂ ಸರಿ ಇಲ್ಲ. ದರ ಸುಮಾರು ಶೇ. 6.52.

ಒಂದು ರೂಪಾಯಿ ಒಂದು ವರ್ಷಕ್ಕೆ x ರೂಪಾಯಿ ಆಗುತ್ತದೆ ಅಂತಿಟ್ಟುಕೊಳ್ಳಿ. ಮೊದಲ ಕಂತು ಎರಡು ವರ್ಷ ಬೆಳೆಯುತ್ತದೆ, ಎರಡನೆಯದು ಒಂದೇ ವರ್ಷ. ಹಾಗಾಗಿ 10,000x² + 10,000x = 22,000. ಚಿಕ್ಕದು ಮಾಡಿದರೆ 5x² + 5x − 11 = 0. ಶೋಧಕ (ವರ್ಗ ಸಮೀಕರಣದ b² − 4ac) 25 + 220 = 245, ಅಂದರೆ 49 × 5. x = (−5 ± 7√5)/10.

ಇಲ್ಲಿಯವರೆಗೆ ಇಬ್ಬರೂ ಒಂದೇ. ಆಮೇಲೆ ನೀವು √5 ಅನ್ನು 2.2 ಅಂತ ತಗೊಂಡಿದ್ದೀರಿ, ಅವರು 2.24 ಅಂತ. 2.2 ಹಾಕಿದರೆ x = 1.04. 2.24 ಹಾಕಿದರೆ 1.068. ಸರಿಯಾಗಿ 2.23607 ಹಾಕಿದರೆ 1.06525. ಮೂರೂ ಹತ್ತಿರ ಹತ್ತಿರವೇ ಕಾಣುತ್ತವೆ, ಅಲ್ವಾ? ಆದರೆ ನಮಗೆ ಬೇಕಾದ ದರ x ಅಲ್ಲ, x − 1. ಆ 1 ಅಸಲಿನದು. ಅದನ್ನು ಕಳೆದಾಗ ಉಳಿಯುವುದು ಬಹಳ ಸಣ್ಣ ಸಂಖ್ಯೆ, ಅಂದಾಜಿನ ತಪ್ಪು ಪೂರ್ತಿ ಅದರ ಮೇಲೇ ಬೀಳುತ್ತದೆ. ಅದಕ್ಕೇ ಬಡ್ಡಿ ಲೆಕ್ಕದಲ್ಲಿ ಕರಣಿಯನ್ನು, ಅಂದರೆ √5ನಂಥ ಪೂರ್ತಿ ಬಿಡಿಸಲಾಗದ ಮೂಲವನ್ನು, ಕೊನೆಯ ಸಾಲಿನವರೆಗೂ ಹಾಗೇ ಇಡಬೇಕು ಅಂತ ನಾನು ಹಟ ಹಿಡಿಯುವುದು.

ತಾಳೆ ನೋಡಿ. ಶೇ. 4ಕ್ಕೆ 10,816 + 10,400 = 21,216. ಪೂರಾ 784 ರೂಪಾಯಿ ಕಡಿಮೆ. ಶೇ. 6.8ಕ್ಕೆ 86 ರೂಪಾಯಿ ಜಾಸ್ತಿ. ಶೇ. 6.52ಕ್ಕೆ ವ್ಯತ್ಯಾಸ ಒಂದೂವರೆ ರೂಪಾಯಿ ಮಾತ್ರ.

ಸಮೀಕರಣದ ಇನ್ನೊಂದು ಮೂಲ (± ಬದಲು − ತಗೊಂಡಾಗ ಬರುವ x) ಸುಮಾರು −2.065. ಅದನ್ನು ಸುಮ್ನೆ ಹೊಡೆದು ಹಾಕಬೇಡಿ, ಕಾರಣ ಬರೆಯಿರಿ: ಇಟ್ಟ ಹಣ ಋಣ ಸಂಖ್ಯೆ ಆಗಲಾರದು. ಆದರೂ ಅದು ಒಂದು ಉಪಯೋಗಕ್ಕೆ ಬರುತ್ತದೆ. ಎರಡು ಮೂಲ ಕೂಡಿಸಿದರೆ −1, ಗುಣಿಸಿದರೆ ಸುಮಾರು −2.2 ಬರಬೇಕು, ಎರಡೂ ಬಂದರೆ ಲೆಕ್ಕ ಸರಿ ಇದೆ.

ನಾನು ಶಿರಸಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅಡಿಕೆ ಮಾರಿದ ದುಡ್ಡನ್ನು ಸೊಸೈಟಿಯಲ್ಲಿ ಠೇವಣಿ ಇಡುವ ಮನೆಯ ಮಕ್ಕಳೇ ಜಾಸ್ತಿ. ಬಡ್ಡಿ ಅಂದರೆ ಅವರಿಗೆ 7, ಏಳೂವರೆ, 8. ಅಂಥ ದರ ಕೊಟ್ಟು ಮೊತ್ತ ಕೇಳಿದರೆ ಬರೀ ಗುಣಾಕಾರ, ಕರಣಿ ಬರುವುದೇ ಇಲ್ಲ. ಮೊತ್ತ ಕೊಟ್ಟು ದರ ಕೇಳಿದರೆ ಲೆಕ್ಕ ಹಿಂದಕ್ಕೆ ಹೋಗಬೇಕು, ವರ್ಗಮೂಲ ತೆಗೆಯಬೇಕು. ಶೋಧಕ ಪೂರ್ಣವರ್ಗ ಆಗಿರದಿದ್ದರೆ ಉತ್ತರ ಅಭಾಗಲಬ್ಧವೇ, ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆಯೇ. ಇದು ಹೊಸದಲ್ಲ. ಕ್ರಿ.ಶ. 499ರ ಹೊತ್ತಿನ ಆರ್ಯಭಟನೇ, ಅಸಲಿನ ಬಡ್ಡಿ ಮತ್ತು ಆ ಬಡ್ಡಿಯ ಮೇಲಿನ ಬಡ್ಡಿ ಎರಡರ ಮೊತ್ತ ಗೊತ್ತಿದ್ದರೆ ಅಸಲಿನ ಬಡ್ಡಿಯನ್ನು ವರ್ಗಮೂಲ ತೆಗೆದು ಕಂಡುಹಿಡಿಯುವ ಸೂತ್ರ ಕೊಟ್ಟಿದ್ದಾನೆ.

ಮೂರು ವರ್ಷದ ಠೇವಣಿ ಆದರೆ ಏನು ಮಾಡುವುದು ಅಂತಲೂ ಕೇಳಿದ್ದೀರಿ. ವರ್ಷಕ್ಕೆ 10,000ದಂತೆ ಇಟ್ಟು ಕೊನೆಗೆ 35,000 ಬಂತು ಅನ್ನಿ. x³ + x² + x = 3.5. ಘನ ಸಮೀಕರಣದ ಸೂತ್ರ ಹುಡುಕಲು ಹೋಗಬೇಡಿ. x ಧನ ಸಂಖ್ಯೆ ಆಗಿರುವಾಗ ಅದು ಹೆಚ್ಚಿದಂತೆ ಎಡಭಾಗವೂ ಹೆಚ್ಚುತ್ತಲೇ ಹೋಗುತ್ತದೆ, ಹಾಗಾಗಿ ಧನ ಮೂಲ ಒಂದೇ. ಅದನ್ನು ಎರಡು ಕಡೆಯಿಂದ ಒತ್ತುತ್ತಾ ಬನ್ನಿ. 1.07 ಹಾಕಿದರೆ 3.4399, ಕಡಿಮೆ. 1.08ಕ್ಕೆ 3.5061, ಜಾಸ್ತಿ. 1.079ಕ್ಕೆ 3.4995, ಕೂದಲೆಳೆಯಷ್ಟು ಕಡಿಮೆ. ದರ ಶೇ. 7.9ಕ್ಕಿಂತ ಚೂರು ಮೇಲೆ. ಎರಡನೇ ದಶಮಾಂಶ ಸ್ಥಾನವನ್ನು ನೀವೇ ತೆಗೆದು ಗೆಳತಿಯ ಉತ್ತರದ ಜೊತೆ ಹೋಲಿಸಿ ನೋಡಿ.