ಹೆಂಚಿನ ಮ್ಯಾಲಿನ 1865 ಕಟ್ಟಡದ್ದಲ್ರಿ

ಹಾವೇರಿ ಕಡೆ ನಿಮ್ಮೂರ ಹಳೇ ಪೋಸ್ಟ್ ಆಫೀಸಿನ ಹೆಂಚಿನ ಮ್ಯಾಲ ಬಾಸೆಲ್ ಮಿಶನ್ 1865 ಅಂತ ಐತಿ, ಕಟ್ಟಿದ್ದೂ ಅವಾಗೇನು ಅಂತ ಕೇಳೀರಲ್ಲ, ಇಲ್ರಿ, ಅದು ಮಂಗಳೂರಾಗ ಬಾಸೆಲ್ ಮಿಶನ್ ಅನ್ನೂ ಕ್ರೈಸ್ತ ಸಂಸ್ಥೆಯವ್ರು ಹೆಂಚಿನ ಫ್ಯಾಕ್ಟರಿ ಚಾಲೂ ಮಾಡಿದ ವರ್ಷ, ಮುಂದ ಎಷ್ಟೋ ವರ್ಷ ಅದ ಅಚ್ಚು ಒತ್ತತಿದ್ರು. ಹೆಂಚು ಆಮ್ಯಾಲೆ ಬದಲಿ ಮಾಡಿದ್ರಂತೂ ಕಟ್ಟಡದ ವಯಸ್ಸು ಅದರಿಂದ ಏನೂ ತಿಳಿಯೂದಿಲ್ಲ. ನಾನಾದ್ರ ಕಾಗದಪತ್ರ ಹುಡುಕತಿದ್ದೆ. ಹಾವೇರಿ ಜಿಲ್ಲಾ ಆಗಿದ್ದು 1997ರಾಗ, ಮೊದ್ಲು ಧಾರವಾಡ ಜಿಲ್ಲಾ, 1956ರ ತನಕ ಮುಂಬೈ ಆಡಳಿತ, ಹಿಂಗಾಗಿ ಬೆಂಗಳೂರಾಗ ಸಿಗದಿದ್ರ ಮುಂಬೈ ಆರ್ಕೈವ್ಸ್ (ಹಳೇ ಸರ್ಕಾರಿ ದಾಖಲೆ ಇಡೂ ಕಚೇರಿ) ನೋಡ್ರಿ. ಅದಕ್ಕೂ ಮೊದ್ಲು 1884ರ ಧಾರವಾಡ ಗ್ಯಾಜೆಟಿಯರ್ (ಜಿಲ್ಲಾದ ಮಾಹಿತಿ ಇರೂ ಸರ್ಕಾರಿ ಪುಸ್ತಕ) ತಗೀರಿ, ಅದರಾಗ ಆಗಿನ ಅಂಚೆ ಕಚೇರಿ ವಿಷಯ ಐತಿ (ಕಚೇರಿ ಇತ್ತು ಅಂದ್ರ ಇದ ಕಟ್ಟಡದಾಗ ಇತ್ತು ಅಂತಲ್ಲ ಮತ್ತ).